ಕತ್ತೆಯ ನೀಲಿ ಕೋಟು

ಕನ್ನಡಕದ ಅಂಗಡಿಯ ಯಜಮಾನರು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು ಭೀಷ್ಮ ಪ್ರತಿಜ್ಞೆ ಮಾಡಿದರು. “ಈ ಧಾರಾವಾಹಿಯವರು ಒಂದೇ ಒಂದು ತಪ್ಪು ಮಾಡ್ಲಿ, ನಾನು ಬಿಡೋನಲ್ಲ.”

ತಪ್ಪು ಮಾಡಲಿ ಎಂದು ಅವರು ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದರು. ಅವರ ಬಾಲ್ಯದ ಪಂಚಪ್ರಾಣವಾಗಿದ್ದ ಮಕ್ಕಳ ಕಾದಂಬರಿ ಅದು. ಕಣ್ಣು ಕಾಣದ ಗಿರಣಿಯಜ್ಜ ಮತ್ತು ಅವನ ಕತ್ತೆ ಹತ್ತಿಮೂಗನ ಕಥೆ ಈಗ ಟಿವಿಯಲ್ಲಿ ಪ್ರತಿ ಭಾನುವಾರ ಸಂಜೆ ಬರತೊಡಗಿತ್ತು. ಚಿಕ್ಕಂದಿನಲ್ಲಿ ಅದನ್ನು ಅವರಿಗೆ ಮತ್ತೆ ಮತ್ತೆ ಓದಿ ಹೇಳಿದವರು ತಾಯಿ; ತಾವೇ ಓದುವ ಅಗತ್ಯ ಯಜಮಾನರಿಗೆ ಬಿದ್ದಿರಲಿಲ್ಲ. ಈಗ ಮಗಳು ಗುಬ್ಬಿಗೆ ಅವರೇ ಓದಿ ಹೇಳುತ್ತಿದ್ದರು. ಓದಿ ಹೇಳುವುದೆಂದರೆ, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಕಣ್ಣನ್ನು ಸೂರಿನ ಕಡೆ ನೆಟ್ಟು, ಬಾಯಿಪಾಠ ಒಪ್ಪಿಸುವುದು. ಊರಿಗೆಲ್ಲ ಕನ್ನಡಕ ಮಾರುವ ಮನುಷ್ಯನಿಗೆ ತನ್ನ ಮೂಗಿನ ಮೇಲೆ ಒಂದನ್ನು ಏರಿಸಲು ಮಾತ್ರ ಮಾನ ಅಡ್ಡ ಬರುತ್ತಿತ್ತು. “ನಂದು ಹದ್ದಿನ ಕಣ್ಣು” ಎನ್ನುತ್ತಿದ್ದರು. ಹತ್ತಿರ ಹಿಡಿದರೆ ಅಕ್ಷರಗಳೆಲ್ಲ ಇರುವೆಗಳಂತೆ ಹರಿದಾಡುವ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

“ಆ ಪುಸ್ತಕದ ಒಂದೊಂದು ಅಕ್ಷರಾನೂ ಇಲ್ಲಿದೆ” ಎಂದು ತಲೆ ತಟ್ಟಿಕೊಂಡರು.

“ಅದಕ್ಕೇ ಇರ್ಬೇಕು, ಒಲೆ ಆರಿಸೋ ನೆನಪಿಗೆ ಅಲ್ಲಿ ಜಾಗ ಇಲ್ಲ” ಎಂದಳು ಹೆಂಡತಿ. ಅವಳಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಮುದ್ರೆ ಒತ್ತುವ ಕೆಲಸ. ಮನೆಯಲ್ಲಿ ಅವಳ ಮಾತೂ ಹಾಗೆಯೇ ಬೀಳುತ್ತಿತ್ತು.

ಮೊದಲ ಕಂತಿನಿಂದಲೇ ಯಜಮಾನರ ನ್ಯಾಯಾಲಯ ಶುರುವಾಯಿತು. ಗಿರಣಿಯ ಬಾಗಿಲು ಹಸಿರಾಗಿರಬೇಕಿತ್ತು, ಕೆಂಪು ಬಳಿದಿದ್ದಾರೆ. ಹತ್ತಿಮೂಗನ ಎಡಗಿವಿ ಜೋತಿರಬೇಕಿತ್ತು, ಈ ಕತ್ತೆಯದು ಕಂಬದಂತೆ ನಿಂತಿದೆ. ಗಿರಣಿಯಜ್ಜನಿಗೆ ಗಡ್ಡ ಯಾರು ಬಿಡಿಸಿದರು?

“ಅಪ್ಪಾ, ಸುಮ್ನೆ ನೋಡೋಣ್ವಾ?” ಎಂದಳು ಗುಬ್ಬಿ.

“ನಾನು ಸುಮ್ನೇ ನೋಡ್ತಿರೋದು. ಇವರು ಸುಮ್ನಿರ್ಬೇಕಲ್ಲ? ಇರ್ಲಿ, ನೀಲಿ ಕೋಟು ಬರ್ಲಿ. ಆಗ ಗೊತ್ತಾಗತ್ತೆ ಇವರ ಯೋಗ್ಯತೆ.”

ನೀಲಿ ಕೋಟೆಂದರೆ ಯಜಮಾನರ ಪ್ರಕಾರ ವಿಶ್ವಸಾಹಿತ್ಯದ ತುತ್ತತುದಿ. ಅಜ್ಜನ ಮೊಮ್ಮಗಳಿಗೆ ಕಾಯಿಲೆ. ಔಷಧಿಯ ಚೀಲವನ್ನು ಕೊರಳಿಗೆ ಕಟ್ಟಿಕೊಂಡು ಹತ್ತಿಮೂಗ ತುಂಬಿದ ಹೊಳೆಗೆ ಇಳಿಯುತ್ತಾನೆ. ಇನ್ನೇನು ಮುಳುಗಿದ ಅನ್ನುವಾಗ ದಡದಲ್ಲಿದ್ದ ಒಬ್ಬ ದರ್ಜಿ ಅವನನ್ನು ಎಳೆದು ಹಾಕಿ, ನಡುಗುವ ಮೈಗೆ ಹಿತ್ತಾಳೆ ಗುಂಡಿಯ ನೀಲಿ ಕೋಟು ಹೊಲಿದು ತೊಡಿಸುತ್ತಾನೆ. ಕತ್ತೆ ಆ ಕೋಟಿನಲ್ಲಿ ದೊರೆಯಂತೆ ಮನೆಗೆ ಮರಳುತ್ತದೆ. ಇದನ್ನು ಹೇಳುವಾಗಲೆಲ್ಲ ಯಜಮಾನರು ಎದೆಯ ಮೇಲೆ ಇಲ್ಲದ ಗುಂಡಿ ಹಾಕಿಕೊಳ್ಳುತ್ತಿದ್ದರು. ಹೇಳುವಾಗಲೆಲ್ಲ ತಾಯಿಯ ಕೈಯ ಸೂಜಿ ನಿಲ್ಲುತ್ತಿತ್ತು, ಹೆಂಡತಿ ಅತ್ತೆಯ ಮುಖ ನೋಡುತ್ತಿದ್ದಳು, ಗುಬ್ಬಿ ಫ್ಯಾನು ನೋಡುತ್ತಿದ್ದಳು. ಎಲ್ಲರೂ ಕಥೆಯಲ್ಲಿ ಮೈಮರೆತಿದ್ದಾರೆ ಎಂದು ಯಜಮಾನರು ತಿಳಿದಿದ್ದರು.

ಇಷ್ಟಕ್ಕೇ ಸುಮ್ಮನಿದ್ದರೆ ಬಚಾವಾಗುತ್ತಿದ್ದರು. ಆದರೆ ಬಾಯಿ ಸುಮ್ಮನಿರಬೇಕಲ್ಲ? ಅಂಗಡಿಯ ಪಕ್ಕದಲ್ಲೇ ಕ್ಷೌರದಂಗಡಿ. ಅಲ್ಲಿ ಕುಳಿತು ಮೀಸೆ ಟ್ರಿಮ್ ಮಾಡಿಸಿಕೊಳ್ಳುತ್ತ ನೀಲಿ ಕೋಟಿನ ಪುರಾಣ ಬಿಚ್ಚಿದರು.

“ಕತ್ತೆಗೆ ಕೋಟಾ?” ಎಂದ ಕ್ಷೌರಿಕ. “ನಾನೂ ಶಾಲೇಲಿ ಓದಿದ ನೆನಪು. ಕೋಟು ಇರ್ಲಿಲ್ಲ ಅನ್ಸತ್ತೆ.”

“ಇಲ್ದಿದ್ರೆ ನನ್ನ ಮೀಸೆ ಬೋಳಿಸಿಬಿಡು!”

ಲೋಕದಲ್ಲಿ ಈ ಮಾತನ್ನು ಎಷ್ಟೋ ಜನ ಆಡುತ್ತಾರೆ. ಆದರೆ ಕತ್ತಿ ಕೈಯಲ್ಲಿ ಹಿಡಿದ ಕ್ಷೌರಿಕನಿಗೇ ಹೇಳಿದವರು ಇವರೊಬ್ಬರೇ ಇರಬೇಕು. ಸಾಲದೆಂಬಂತೆ ಹೊಳೆಯ ಕಂತಿನ ಸಂಜೆ ಮನೆಗೆ ಬರುವಂತೆ ಅವನಿಗೆ ಆಹ್ವಾನವನ್ನೂ ಕೊಟ್ಟರು.

ಆ ಭಾನುವಾರ ಮನೆ ಬೆಳಗ್ಗಿನಿಂದಲೇ ವಿಚಿತ್ರವಾಗಿತ್ತು.

“ರೀ, ಸಂಜೆ ನಮ್ಮ ಅಕ್ಕನ ಮನೆಗೆ ಹೋಗಿ ಏಣಿ ತಗೊಂಡು ಬನ್ನಿ” ಎಂದಳು ಹೆಂಡತಿ.

“ಏಣಿ ಯಾಕೆ?”

“ಹತ್ತೋದಕ್ಕೆ.”

“ನಾಳೆ ಹತ್ತು” ಎಂದು ಯಜಮಾನರು ಅದನ್ನು ತಳ್ಳಿಹಾಕಿದರು. ಸಂಜೆಯ ಹೊತ್ತಿಗೆ ತಾಯಿಗೆ ಇದ್ದಕ್ಕಿದ್ದಂತೆ ಕಾಲು ಹಿಡಿದುಕೊಂಡಿತು. “ಒಳಗೆ ಬಂದು ಸ್ವಲ್ಪ ಒತ್ತು ಮಗು, ಒಂದು ಗಂಟೆ ಒತ್ತಿದ್ರೆ ಸಾಕು” ಎಂದರು. ಯಜಮಾನರು ತಾಯಿಯನ್ನು ಟಿವಿಯ ಮುಂದಿನ ಸೋಫಾಕ್ಕೇ ಕರೆತಂದು ಕೂರಿಸಿ, “ಇಲ್ಲೇ ಒತ್ತುತ್ತೀನಮ್ಮ” ಎಂದರು. ಕಾಲು ಆ ಕ್ಷಣವೇ ವಾಸಿಯಾಯಿತು. ಅಷ್ಟರಲ್ಲಿ ರಿಮೋಟು ಮಾಯ. ಹುಡುಕಿ ಹುಡುಕಿ ಹಿಟ್ಟಿನ ಡಬ್ಬದಲ್ಲಿ ಪತ್ತೆ ಮಾಡಿದರು. ಇನ್ನೇನು ಶುರು ಅನ್ನುವಾಗ ಟಿವಿಯೇ ಆರಿತು. ಗುಬ್ಬಿ ಟಿವಿಯ ಹಿಂದಿನಿಂದ ಎದ್ದು ಬಂದು, “ವೈರು ಲೂಸ್ ಇರ್ಬೇಕು ಅಪ್ಪಾ, ನಾವೆಲ್ಲ ಪಾರ್ಕಿಗೆ ಹೋಗೋಣ” ಎಂದಳು. ಯಜಮಾನರು ಗೋಡೆಗೂ ಟಿವಿಗೂ ನಡುವೆ ಹೊಟ್ಟೆ ತುರುಕಿ, ಧೂಳು ಮೆತ್ತಿಕೊಂಡು, ಪ್ಲಗ್ಗನ್ನು ಮತ್ತೆ ಚುಚ್ಚಿ, ಯುದ್ಧ ಗೆದ್ದವರಂತೆ ಹೊರಬಂದರು. ಬಾಗಿಲಲ್ಲಿ ಕ್ಷೌರಿಕ ನಿಂತಿದ್ದ. ಅವನ ಕಂಕುಳಲ್ಲಿ ಕತ್ತಿಯ ಪೆಟ್ಟಿಗೆಯಿತ್ತು.

ಧಾರಾವಾಹಿ ಶುರುವಾಯಿತು. ಹೊಳೆ ತುಂಬಿ ಹರಿಯುತ್ತಿತ್ತು. ಹತ್ತಿಮೂಗ ನೀರಿಗೆ ಇಳಿದ. ಕೊರಳು ಮುಳುಗಿತು, ಆಮೇಲೆ ಮೂಗು. ಕೊನೆಗೆ ಎರಡು ಕಿವಿ ಮಾತ್ರ ಉಳಿದವು.

“ಹೆದರ್ಬೇಡ ಗುಬ್ಬಿ, ದರ್ಜಿ ಬರ್ತಾನೆ” ಎಂದರು ಯಜಮಾನರು.

ಕಿವಿಗಳೂ ಮುಳುಗಿದವು.

“ಈಗ ಬರ್ತಾನೆ.”

ಔಷಧಿಯ ಚೀಲವೊಂದೇ ತೇಲುತ್ತ ಬಂದು ದಡದ ಜೊಂಡಿಗೆ ಸಿಕ್ಕಿಕೊಂಡಿತು. ಗಿರಣಿಯಜ್ಜ ತಡವುತ್ತ ಬಂದು ಚೀಲವನ್ನು ಎದೆಗೊತ್ತಿಕೊಂಡು ಅತ್ತ. ಅಲ್ಲಿಗೆ ಕಂತು ಮುಗಿಯಿತು.

ಯಜಮಾನರು ಅಳುತ್ತಿದ್ದರು. ಅಳುತ್ತಲೇ ಎದ್ದು ನಿಂತು ಟಿವಿಗೆ ಬೆರಳು ತೋರಿಸಿದರು. “ಕೊಲೆಗಡುಕರು! ಕೋಟು ಹೊಲಿಸೋಕೆ ಜಿಪುಣತನ ಮಾಡಿ ಕತ್ತೇನೇ ಮುಳುಗಿಸಿಬಿಟ್ರು. ಗುಬ್ಬಿ, ಪುಸ್ತಕ ತಾ!”

ಗುಬ್ಬಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ನಿಟ್ಟುಸಿರುಬಿಟ್ಟು ತಲೆಯಾಡಿಸಿದರು. ಪುಸ್ತಕ ಬಂತು.

“ಓದಿ ಯಜಮಾನ್ರೇ, ನಾನೂ ಕೇಳ್ತೀನಿ” ಎಂದ ಕ್ಷೌರಿಕ.

ಯಜಮಾನರು ಪುಸ್ತಕವನ್ನು ದೂರ ಹಿಡಿದರು. ಇನ್ನೂ ದೂರ ಹಿಡಿದರು. ತೋಳು ಮುಗಿಯಿತು, ಇರುವೆಗಳು ನಿಲ್ಲಲಿಲ್ಲ. ಗುಬ್ಬಿ ಅಜ್ಜಿಯ ಕನ್ನಡಕವನ್ನು ತಂದು ಅಪ್ಪನ ಮೂಗಿನ ಮೇಲಿಟ್ಟಳು. ಪುಟ ಒಮ್ಮೆಗೇ ಕಣ್ಣಿಗೆ ನಿಚ್ಚಳವಾಯಿತು. ಓದಿದರು. ಹಿಂದಿನ ಪುಟ ತಿರುವಿದರು, ಮುಂದಿನದನ್ನು ತಿರುವಿದರು. ಹೊಳೆಯಿತ್ತು, ಚೀಲವಿತ್ತು, ಜೊಂಡೂ ಇತ್ತು.

“ಅಮ್ಮಾ, ದರ್ಜಿ ಎಲ್ಲಿ?”

“ಇಲ್ಲೇ ಇದ್ದೀನಲ್ಲೋ” ಎಂದರು ತಾಯಿ. ಕಣ್ಣು ಮಂಜಾಗುವವರೆಗೂ ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು ಅವರು. “ನಿನಗೆ ಮೈ ಸುಡೋ ಜ್ವರ ಇತ್ತು ಆಗ. ಕತ್ತೆ ಸತ್ತಿತು ಅಂತ ಓದಿದ್ರೆ ನೀನು ಔಷಧಿ ಬಾಯಿಗೆ ಹಾಕ್ಕೊಳ್ತಿರಲಿಲ್ಲ. ಯಾರದೋ ನೀಲಿ ಬಟ್ಟೆ ಮೆಷಿನ್ ಮೇಲಿತ್ತು. ಕತ್ತೆಗೊಂದು ಕೋಟು ಹೊಲಿದುಬಿಟ್ಟೆ.”

ಯಜಮಾನರು ಹೆಂಡತಿಯ ಕಡೆ ತಿರುಗಿದರು. “ನಿನಗೆ ಗೊತ್ತಿತ್ತಾ?”

“ಮದುವೆಯಾದ ಹೊಸದರಲ್ಲೇ ಓದಿದ್ದೆ. ಇವತ್ತು ಏಣಿ ತರೋಕೆ ಹೋಗಿದ್ರೆ ನಿಮಗೆ ಗೊತ್ತಾಗ್ತಾನೇ ಇರ್ಲಿಲ್ಲ.”

“ಗುಬ್ಬಿ, ನೀನೂನಾ?”

“ನೀನು ಕೋಟಿನ ಕಥೆ ಹೇಳುವಾಗ ನಿನ್ನ ಮುಖ ಚೆನ್ನಾಗಿರತ್ತೆ ಅಪ್ಪಾ. ಅದಕ್ಕೇ ಹೇಳ್ಲಿಲ್ಲ.”

ಮಗಳನ್ನು ತಾನೇ ಕಾಪಾಡುತ್ತಿದ್ದೇನೆಂದು ತಿಳಿದಿದ್ದ ಯಜಮಾನರಿಗೆ, ಈ ಮೂವರೂ ಸೇರಿ ತನ್ನನ್ನೇ ಜೋಪಾನ ಮಾಡುತ್ತಿದ್ದರೆಂಬುದು ಆಗ ಹೊಳೆಯಿತು. ನಾಚಿಕೆಯೂ ಆಯಿತು, ಹಿತವೂ ಆಯಿತು. ಕ್ಷೌರಿಕ ಮಾತ್ರ ಕೆಲಸದ ಮನುಷ್ಯ. “ಅಮ್ಮಾವ್ರೇ, ಸ್ವಲ್ಪ ಬಿಸಿನೀರು ಸಿಗತ್ತಾ?” ಎಂದು ಪೆಟ್ಟಿಗೆ ತೆರೆದ.

ಮೀಸೆ ಹೋಯಿತು. ಬೋಳು ತುಟಿಯ ಮೇಲೆ ಟವೆಲ್ ಒತ್ತಿಕೊಂಡು ಯಜಮಾನರು ತಾಯಿಯ ಪಕ್ಕಕ್ಕೆ ಸರಿದು ಕುಳಿತರು. ಆಮೇಲೆ ಮೆಲ್ಲಗೆ ಕೇಳಿದರು:

“ಕತ್ತೆ ಹೋಗ್ಲಿ ಅಮ್ಮಾ. ಕೊನೇಲಿ ಒಬ್ಬ ಪುಣ್ಯಾತ್ಮ ಬಂದು ಕನ್ನಡಕ ಕೊಡ್ತಾನೆ, ಗಿರಣಿಯಜ್ಜನಿಗೆ ಕಣ್ಣು ಕಾಣತ್ತೆ ಅಂತ ಇದೆಯಲ್ಲ, ಅದಾದ್ರೂ ಪುಸ್ತಕದಲ್ಲಿ ಇದೆ ತಾನೇ? ಅದನ್ನ ಕೇಳಿಯೇ ನಾನು ಅಂಗಡಿ ಇಟ್ಟಿದ್ದು.”

ತಾಯಿ ಸೂಜಿಗೆ ದಾರ ಪೋಣಿಸತೊಡಗಿದರು. ಗುಬ್ಬಿ ಫ್ಯಾನು ನೋಡಿದಳು.

“ರೀ” ಎಂದಳು ಹೆಂಡತಿ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, “ಮುಂದಿನ ಭಾನುವಾರ ಸಂಜೆ, ಕೊನೇ ಕಂತಿನ ಹೊತ್ತಿಗೆ, ನೀವು ಅಂಗಡಿ ತೆಗೀರಿ.”