ನಾನು ಬೇಡವೆಂದ ಅಧ್ಯಕ್ಷ ಪಟ್ಟ

ಈ ವರ್ಷ ಕಡಬದ ನಮ್ಮ ಸೇವಾ ಕ್ಲಬ್ಬಿಗೆ ನಾನೇ ಅಧ್ಯಕ್ಷ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನನಗಂತೂ ಖಂಡಿತ ಇರಲಿಲ್ಲ! ಹನ್ನೊಂದು ವರ್ಷ ಕುರ್ಚಿ ಜೋಡಿಸಿದ್ದೇನೆ, ಬ್ಯಾನರ್ ಕಟ್ಟಿದ್ದೇನೆ, ಪ್ರತಿ ಕಾರ್ಯಕ್ರಮದಲ್ಲೂ ವಂದನಾರ್ಪಣೆ ಮಾಡಿದ್ದೇನೆ. ವಂದನಾರ್ಪಣೆಯ ಹೊತ್ತಿಗೆ ಸಭೆಯಲ್ಲಿ ಉಳಿಯುವುದು ಮೈಕಿನವನೊಬ್ಬನೇ. ಅವನಿಗೂ ಹನ್ನೊಂದು ವರ್ಷ ಧನ್ಯವಾದ ಹೇಳಿದ್ದೇನೆ.

ಪುತ್ತೂರಿಗೆ ಹೋಗಿ ಕಪ್ಪು ಕೋಟು ಹೊಲಿಸಿಕೊಂಡು ಬಂದೆ. ವರ್ಷದ ಗುರಿಗಳನ್ನು ಬರೆದು ಕಿಸೆಗೆ ಹಾಕಿದೆ. ಮೊದಲನೆಯ ಗುರಿ, ಕೋಡಿಂಬಾಳದ ನಮ್ಮ ಸ್ಟಾಪಿನಲ್ಲೊಂದು ಬಸ್ ತಂಗುದಾಣ. ಅಲ್ಲಿ ಶಾಲೆಯ ಮಕ್ಕಳು ಬಿಸಿಲಿನಲ್ಲಿ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.

ನಮ್ಮ ಕ್ಲಬ್ಬಿನ ಚುನಾವಣೆಯಲ್ಲಿ ಓಟು, ಡಬ್ಬ ಇತ್ಯಾದಿ ಅನಾಗರಿಕ ಪದ್ಧತಿಗಳಿಲ್ಲ. ಒಬ್ಬರು ಹೆಸರು ಸೂಚಿಸುತ್ತಾರೆ. ಹೆಸರಿನವರು ಎರಡು ಸಲ ಬೇಡ ಎನ್ನಬೇಕು. ಮೂರನೆಯ ಒತ್ತಾಯಕ್ಕೆ, "ನೀವೆಲ್ಲ ಇಷ್ಟು ಹೇಳುವಾಗ..." ಎಂದು ತಲೆ ತಗ್ಗಿಸಬೇಕು. ಊಟದಲ್ಲಿ ಪಾಯಸ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಬಡಿಸುವವನಿಗೆ ಅದರ ಅರ್ಥ ಗೊತ್ತು, ಬೆರಳಿನ ಸಂದಿಯಲ್ಲೇ ಬಡಿಸುತ್ತಾನೆ.

ಕನ್ನಡಿಯ ಮುಂದೆ ನಾನು ಬೇಡ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಸುಮತಿ ಬಂದಳು.

"ಬೇಕು ಅಂತ ಕೋಟು ಹೊಲಿಸಿದ್ದೀರಿ. ಮತ್ತೆ ಬೇಡ ಅಂತ ಎಂತಕ್ಕೆ ಹೇಳುದು? ಆಯ್ತು ಅಂದ್ರೆ ಮುಗೀತಲ್ಲ?"

"ಅದು ಮರ್ಯಾದೆ! ನಿನಗೆ ಸಾರ್ವಜನಿಕ ಜೀವನ ಗೊತ್ತಿಲ್ಲ" ಎಂದೆ.

ಒತ್ತಾಯ ಮಾಡುವ ಕೆಲಸವನ್ನು ನನ್ನ ಗೆಳೆಯ, ಪೇಂಟ್ ಅಂಗಡಿಯ ಹಮೀದನಿಗೆ ವಹಿಸಿದ್ದೆ. ಸಭೆಯಲ್ಲಿ ಅವನು ಎದ್ದು ಚೆಂದವಾಗಿ ನನ್ನ ಹೆಸರು ಹೇಳಿದ. ಅಷ್ಟರಲ್ಲಿ ದುಬೈಯಿಂದ ಅವನ ತಮ್ಮನ ಫೋನ್! ಕಿವಿಗೆ ಹಿಡಿದುಕೊಂಡು ಹೊರಗೆ ಹೋದವನು ಹೋದವನೇ.

ನಾನು ಎದ್ದು ಕೈ ಮುಗಿದೆ. "ನನಗೆ ಬೇಡ ಮಾರಾಯ್ರೆ. ಆರೋಗ್ಯವೂ ಅಷ್ಟು ಸರಿ ಇಲ್ಲ." ಆರೋಗ್ಯದ ಮಾತು ಅಭ್ಯಾಸದಲ್ಲಿ ಇರಲಿಲ್ಲ. ಉತ್ಸಾಹದಲ್ಲಿ ಬಂದುಬಿಟ್ಟಿತು.

ಚುನಾವಣೆ ನಡೆಸುತ್ತಿದ್ದವರು ನಿವೃತ್ತ ಹೆಡ್ಮಾಸ್ಟರು. ಅವರು ಕನ್ನಡಕ ತೆಗೆದರು.

"ಪಾಪ! ಒತ್ತಾಯ ಮಾಡುದು ಬೇಡ. ಜೀವಕ್ಕಿಂತ ದೊಡ್ಡದು ಎಂತ ಉಂಟು?"

"ಅಷ್ಟೇನೂ ಇಲ್ಲ ಮಾಸ್ಟ್ರೇ, ಸ್ವಲ್ಪ ಮಾತ್ರ" ಎಂದೆ ಗಾಬರಿಯಿಂದ.

"ನೋಡಿ, ಎಷ್ಟು ಧೈರ್ಯದಲ್ಲಿ ಹೇಳ್ತಾರೆ!" ಎಂದು ಅವರು ಸಭೆಗೆ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನನ್ನು ಇಬ್ಬರು ತೋಳು ಹಿಡಿದು ಕೂರಿಸಿದರು. ಒಬ್ಬರು ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದರು. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಆ ಫ್ಯಾನು ನನ್ನ ಕಡೆ ತಿರುಗಿತ್ತೇ?

"ಹಾಗಾದ್ರೆ ಲೋಕೇಶ, ನೀವು ಆಗ್ಬಹುದಾ?" ಎಂದು ಮಾಸ್ಟರು ಕೇಳಿದರು.

ಲೋಕೇಶ ಹೋದ ವರ್ಷ ಸೇರಿದವನು. ಒಂದು ಕುರ್ಚಿ ಎತ್ತಿದವನಲ್ಲ. ಅವನು ಕುಳಿತಲ್ಲಿಂದಲೇ, "ಆಯ್ತು" ಎಂದ.

ಆಯ್ತಂತೆ! ಒಂದು ಸಲವಾದರೂ ಬೇಡ ಎನ್ನುವ ಸೌಜನ್ಯ ಬೇಡವೇ? ಸಂಕೋಚವೆಂಬುದು ಈ ತಾಲೂಕಿನಲ್ಲಿ ಸತ್ತೇ ಹೋಯಿತೇ? ನನಗೆ ಮೈಯೆಲ್ಲ ಉರಿಯಿತು. ಮುಖ ಕೆಂಪಾದದ್ದನ್ನು ನೋಡಿ ಯಾರೋ ನೀರು ತಂದುಕೊಟ್ಟರು.

"ಈ ವರ್ಷದ ಗುರಿ ಎಂತ?" ಎಂದು ಮಾಸ್ಟರು ಹೊಸ ಅಧ್ಯಕ್ಷರನ್ನು ಕೇಳಿದರು. ನನ್ನ ಕಿಸೆಯಲ್ಲಿ ತಂಗುದಾಣ ಬೆವರಿನಲ್ಲಿ ಒದ್ದೆಯಾಗುತ್ತಿತ್ತು. ಲೋಕೇಶ ನನ್ನನ್ನೇ ಕನಿಕರದಿಂದ ನೋಡಿದ.

"ಇವರನ್ನು ನೋಡುವಾಗ, ಒಂದು ಆರೋಗ್ಯ ಶಿಬಿರ ಮಾಡುವ ಅಂತ ಕಾಣ್ತದೆ."

ಸರ್ವಾನುಮತದ ಒಪ್ಪಿಗೆ! ಹಮೀದ್ ಒಳಗೆ ಬಂದದ್ದು ಆಗ. "ಎಂತ, ಮೂರು ಸಲ ಆಯ್ತಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಾನು ಫ್ಯಾನಿನ ಕಡೆ ಕೈ ತೋರಿಸಿದೆ.

ಶಿಬಿರದ ದಿನ ಹಠದಿಂದ ಕೋಟು ಹಾಕಿಕೊಂಡೇ ಹೋದೆ. ಉದ್ಘಾಟನೆ ದೀಪ ಹಚ್ಚಿ ಅಲ್ಲ, ವೇದಿಕೆಯ ಮೇಲೆ ನನ್ನ ಬಿಪಿ ನೋಡಿ! ನರ್ಸಮ್ಮ ಮೊದಲು ಹೇಳಿದ್ದೇ, "ಆ ಕೋಟು ತೆಗೀರಿ" ಎಂದು. ನೋಡಿದರೆ, ಬಿಪಿ ನಿಜವಾಗಿಯೂ ಏರಿತ್ತು. ಏರದೆ ಏನು? ಲೋಕೇಶ ಎದುರಿಗೇ ನಿಂತಿದ್ದ!

"ಅವತ್ತು ನಾವು ಒತ್ತಾಯ ಮಾಡದ್ದೇ ಒಳ್ಳೆದಾಯ್ತು" ಎಂದು ಮಾಸ್ಟರು ಮೈಕಿನಲ್ಲೇ ಹೇಳಿದರು. ಪ್ರತಿಭಟಿಸಲು ಬಾಯಿ ತೆರೆದೆ. ನರ್ಸಮ್ಮ ಥರ್ಮಾಮೀಟರ್ ಇಟ್ಟರು.

ಎದುರಿನ ಸಾಲಿನಲ್ಲಿ ಸುಮತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಕೊನೆಗೆ ಲೋಕೇಶ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅಣ್ಣಾ, ವಂದನಾರ್ಪಣೆ ಒಂದು ಮಾಡ್ತೀರಾ? ಆಗುದಿಲ್ಲ ಅಂದ್ರೆ ಬೇಡ, ಬೇರೆಯವರು..."

ಇದೂ ಕೈತಪ್ಪುವುದೇ? ಅವನ ಮಾತು ಮುಗಿಯುವ ಮೊದಲೇ ಹೇಳಿದೆ.

"ಆಯ್ತು!"