ಉಳಿಸುವ ಮೊದಲು ಉರಿಸತಕ್ಕದ್ದು

ಸರ್ಕಾರಿ ಕಟ್ಟಡಗಳಲ್ಲಿ ವಿದ್ಯುತ್ ಉಳಿಸಿದವರಿಗೆ ಪ್ರೋತ್ಸಾಹಧನ ನೀಡುವ ಯೋಜನೆಯು ನಮ್ಮ ತೂಕ ಮತ್ತು ಅಳತೆ ಕಚೇರಿಗೆ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ತಲುಪಿತು. ಕಚೇರಿ ಹತ್ತು ಗಂಟೆಗೇ ತೆರೆಯುತ್ತದೆಯಾದರೂ ಟಪಾಲು ಸ್ವೀಕರಿಸುವ ಅಧಿಕಾರವುಳ್ಳವರು ಹನ್ನೊಂದೂಕಾಲಿಗೆ ತೆರೆಯುತ್ತಾರೆ.

ಯೋಜನೆ ಸರಳವಾಗಿತ್ತು. ಒಂದು ವರ್ಷದ ಬಳಕೆಯನ್ನು ಆಧಾರವಾಗಿಟ್ಟುಕೊಂಡು, ಮರುವರ್ಷ ಅದಕ್ಕಿಂತ ಶೇಕಡಾ ಮೂವತ್ತು ಕಡಿಮೆ ಮಾಡಿದ ಕಚೇರಿಗೆ ವಿದ್ಯುತ್ ಕಂಪನಿಯು ಪ್ರೋತ್ಸಾಹಧನ ಕೊಡುತ್ತದೆ. ಆ ಹಣವನ್ನು ಕಟ್ಟಡದ ಸುಧಾರಣೆಗೆ ಮಾತ್ರ ಬಳಸತಕ್ಕದ್ದು. ನಮ್ಮ ಸಾಹೇಬರು ಇದನ್ನು ಎರಡು ಸಲ ಓದಿ, ಕಟ್ಟಡದಲ್ಲಿ ತುರ್ತಾಗಿ ಸುಧಾರಣೆಯಾಗಬೇಕಾದ ಭಾಗ ತಮ್ಮ ಕೊಠಡಿಯೆಂದೂ, ಆ ಸುಧಾರಣೆ ಎರಡು ಟನ್ನಿನ ಎ.ಸಿ. ಎಂದೂ ಅಂದೇ ಟಿಪ್ಪಣಿ ಬರೆದರು. ಟಿಪ್ಪಣಿಯನ್ನು ಶುದ್ಧಪ್ರತಿ ಮಾಡಿದ ಗುಮಾಸ್ತ ನಾನೇ.

ಮುಂದಿನ ವಾರ ಕಂಪನಿಯಿಂದ ಪರಿಶೀಲನಾಧಿಕಾರಿ ಮೇಡಂ ಬಂದರು. ಮೂರು ಮಹಡಿಯನ್ನೂ ಹತ್ತಿ ಇಳಿದರು. ಸ್ವಿಚ್ಚುಗಳನ್ನು ಎಣಿಸಿದರು, ಪಂಪಿನ ಮನೆಗೂ ಹೋಗಿ ಬಂದರು. ಕೊನೆಗೆ ಸಾಹೇಬರ ಎದುರು ಕುಳಿತು, ರೋಗಿಯ ಕಡೆಯವರಿಗೆ ಸುದ್ದಿ ಹೇಳುವ ಡಾಕ್ಟರಂತೆ ಕನ್ನಡಕ ತೆಗೆದರು.

"ಸಾರ್, ಇಲ್ಲಿ ಉಳಿಸೋಕೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಮೂರು ಮಹಡಿ ಮೇಡಂ! ಸರಿಯಾಗಿ ನೋಡಿದ್ರಾ?"

"ನೋಡಿದೆ ಸಾರ್. ಕಿಟಕಿ ಗಾಜೆಲ್ಲ ಒರೆಸಿದೆ, ಮೇಜೆಲ್ಲ ಬೆಳಕಿನ ಕಡೆ ಇದೆ. ಜನ ಇಲ್ಲದ ಕೋಣೇಲಿ ಒಂದು ಫ್ಯಾನೂ ತಿರುಗ್ತಿಲ್ಲ. ಟ್ಯಾಂಕು ತುಂಬಿದ ಕೂಡಲೇ ಪಂಪು ತಾನೇ ನಿಲ್ಲುತ್ತೆ. ಯಾರೋ ಮೊದಲೇ ಎಲ್ಲಾ ಉಳಿಸಿಬಿಟ್ಟಿದ್ದಾರೆ."

"ಯಾರು?" ಎಂದರು ಸಾಹೇಬರು. ಬೀರು ತೆರೆದು ನೋಡಿದಾಗ ಒಡವೆ ಕಾಣೆಯಾಗಿದ್ದವರ ದನಿಯಲ್ಲಿ ಕೇಳಿದರು.

ಅದು ವೈರ್‌ಮನ್. ಕಚೇರಿಯವರೆಲ್ಲ ಅವರನ್ನು ಮಾಮ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷದಿಂದ ಇದೇ ಕಟ್ಟಡದಲ್ಲಿದ್ದರು. ಸೊಂಟಕ್ಕೆ ಟೆಸ್ಟರು, ಕಿವಿಗೆ ಪೆನ್ಸಿಲು. ಯಾರಾದರೂ ಕೋಣೆ ಬಿಟ್ಟು ಹೊರಟರೆ ಅವರ ಹಿಂದೆಯೇ ಹೋಗಿ ಸ್ವಿಚ್ ಆರಿಸುವುದು ಅವರ ಅಭ್ಯಾಸ. ಅದನ್ನು ಯಾರೂ ಗಮನಿಸಿರಲಿಲ್ಲ. ಬಿಲ್ಲು ನೇರವಾಗಿ ಪ್ರಧಾನ ಕಚೇರಿಗೆ ಹೋಗುತ್ತಿದ್ದುದರಿಂದ ತಿಂಗಳಿಗೆ ಒಂಬತ್ತು ಸಾವಿರ ಯೂನಿಟ್ಟು ಯಾವಾಗ ಮೂರು ಸಾವಿರವಾಯಿತೆಂಬುದು ಆ ಮೀಟರಿಗೂ ಮಾಮನಿಗೂ ಮಾತ್ರ ಗೊತ್ತಿತ್ತು.

ಮೂರನೆಯ ದಿನ ಅವರಿಗೆ ನೋಟೀಸು ಹೋಯಿತು. "ತಾವು ಯಾವುದೇ ಮೇಲಧಿಕಾರಿಯ ಪೂರ್ವಾನುಮತಿಯಿಲ್ಲದೆ, ಸರ್ಕಾರವು ಮುಂದೆ ಉಳಿಸಬೇಕಾಗಿದ್ದ ವಿದ್ಯುತ್ತನ್ನು ಮುಂಚಿತವಾಗಿಯೇ ಉಳಿಸಿ ಮುಗಿಸಿರುತ್ತೀರಿ. ಇದರಿಂದ ಕಚೇರಿಯಲ್ಲಿ ಉಳಿತಾಯದ ತೀವ್ರ ಅಭಾವ ಉಂಟಾಗಿರುತ್ತದೆ. ತಮ್ಮ ಮೇಲೆ ಶಿಸ್ತುಕ್ರಮವನ್ನು ಏಕೆ ಜರುಗಿಸಬಾರದೆಂದು ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಮಾಮನ ನಿವೃತ್ತಿಗೆ ಎರಡು ವರ್ಷ ಎರಡು ತಿಂಗಳು ಉಳಿದಿತ್ತು. ವಿಚಾರಣೆ ಬಾಕಿಯಿದ್ದವರ ಪಿಂಚಣಿಯೂ ಬಾಕಿಯಿರುತ್ತದೆ ಎಂಬುದು ಸೇವಾ ನಿಯಮ. ನೋಟೀಸು ಓದಿದ ಮಾಮ ಅದನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು, ಹೊರಗೆ ಹೋಗುವಾಗ ಎಂದಿನಂತೆ ನನ್ನ ತಲೆಯ ಮೇಲಿನ ದೀಪ ಆರಿಸಿದರು. ಮರುಕ್ಷಣವೇ ಬೆಚ್ಚಿ ಮತ್ತೆ ಹಾಕಿದರು.

ವಿಚಾರಣೆ ನಡೆಸಿದವರು ಹೆಡ್ ಗುಮಾಸ್ತರು. ಬರೆದುಕೊಳ್ಳುವುದು ನನ್ನ ಪಾಲಿಗೆ ಬಂತು.

"ಕಿಟಕಿ ಗಾಜು ಒರೆಸೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾರ್. ಕೊಳೆಯಾಗಿತ್ತು."

"ಕೊಳೆಯಾಗಿದೆ ಅಂತ ಇಲಾಖೆ ತೀರ್ಮಾನ ಮಾಡಿತ್ತಾ?"

"ಕಣ್ಣಿಗೆ ಕಾಣ್ತಿತ್ತಲ್ಲ ಸಾರ್."

"ಕಣ್ಣಿಗೆ ಕಂಡಿದ್ದು ಕಡತದಲ್ಲಿಲ್ಲ. ಹೋಗ್ಲಿ, ದೀಪ ಯಾಕೆ ಆರಿಸ್ತಿದ್ರಿ?"

ಅಪರಾಧದ ಉದ್ದೇಶವನ್ನು ಮಾಮ ಅದುವರೆಗೆ ಯೋಚಿಸಿರಲಿಲ್ಲ. "ನಮ್ಮಪ್ಪ ಹೇಳ್ತಿದ್ರು ಸಾರ್. ಹೊರಗೆ ಹೋಗುವಾಗ ದೀಪ ಆರಿಸಿ ಹೋಗ್ಬೇಕು ಅಂತ."

"ನಿಮ್ಮ ತಂದೆ ಇಲಾಖೆಯ ನೌಕರರಾ?"

"ಅಲ್ಲ ಸಾರ್. ಸೈಕಲ್ ರಿಪೇರಿ ಮಾಡ್ತಿದ್ರು."

ಹೆಡ್ ಗುಮಾಸ್ತರು ನನ್ನ ಕಡೆ ತಿರುಗಿದರು. "ಖಾಸಗಿ ವ್ಯಕ್ತಿಯೊಬ್ಬರ ಪ್ರೇರಣೆಯ ಮೇರೆಗೆ ಅಂತ ಬರ್ಕೊಳ್ಳಿ."

ಬರೆದುಕೊಂಡೆ. ಮಾಮ ಸಹಿ ಹಾಕಿದರು. ಮೆಟ್ಟಿಲಿಳಿಯುತ್ತ, "ಇಪ್ಪತ್ತೆರಡು ವರ್ಷ ಸುಮ್ನೆ ಮಾಡಿದೆ ಕಣಯ್ಯಾ. ಸುಮ್ನೆ ಇದ್ದಿದ್ರೇ ಆಗ್ತಿತ್ತು," ಎಂದರು.

ಪರಿಹಾರ ಹೊಳೆದದ್ದು ಪರಿಶೀಲನಾಧಿಕಾರಿ ಮೇಡಂಗೆ. ಅವರಿಗೂ ವರ್ಷಕ್ಕೆ ಇಂತಿಷ್ಟು ಕಟ್ಟಡಗಳನ್ನು ಯೋಜನೆಗೆ ಸೇರಿಸಬೇಕೆಂಬ ಗುರಿಯಿತ್ತು. ಹೊಸ ಮೀಟರು ಅಳವಡಿಸಿದ ಕಟ್ಟಡಗಳಿಗೆ ಹಿಂದಿನ ವರ್ಷದ ಬದಲು ಮುಂದಿನ ವರ್ಷವನ್ನೇ ಆಧಾರ ವರ್ಷವೆಂದು ಪರಿಗಣಿಸಬಹುದೆಂಬ ಕಲಮನ್ನು ಅವರು ಬೆರಳಿಟ್ಟು ತೋರಿಸಿದರು.

"ಅಂದ್ರೆ ಇನ್ನೊಂದು ವರ್ಷ ನಾವು ಎಷ್ಟು ಉರಿಸ್ತೀವೋ ಅಷ್ಟೂ ಆಧಾರ?" ಎಂದರು ಸಾಹೇಬರು.

"ಉರಿಸಿ ಅಂತ ನಾನು ಹೇಳಲ್ಲ ಸಾರ್. ಆಧಾರ ಗಟ್ಟಿಯಾಗಿರಲಿ ಅಂತೀನಿ."

ಹಳೆಯ ಮೀಟರು ಅಂದೇ ಕೆಟ್ಟಿತು. ಹೊಸದು ಬಂತು. ಅದರ ಬೆನ್ನಿಗೇ ಕಚೇರಿ ಆದೇಶವೂ ಹೊರಬಿತ್ತು. ಅದರಂತೆ ಎಲ್ಲ ದೀಪಗಳೂ ಎಲ್ಲ ಫ್ಯಾನುಗಳೂ ಕೆಲಸದ ಅವಧಿಯಲ್ಲಿ ಚಾಲನೆಯಲ್ಲಿರತಕ್ಕದ್ದು. ಹಗಲಿನ ಬೆಳಕು ಒಳಬರುವುದರಿಂದ ದೀಪಗಳಿಗೆ ಅವಮಾನವಾಗದಂತೆ ಕಿಟಕಿಗಳಿಗೆ ಹಳೆಯ ಕಡತಗಳ ರಟ್ಟು ಅಂಟಿಸತಕ್ಕದ್ದು. ಪಂಪು ಟ್ಯಾಂಕಿಗೆ ನೀರೇರಿಸಿದ ಮೇಲೆ ಆ ನೀರನ್ನು ಪುನಃ ತೊಟ್ಟಿಗೆ ಇಳಿಸಿ ಪುನಃ ಏರಿಸತಕ್ಕದ್ದು. ಸದರಿ ಕಾರ್ಯಗಳ ಸಂಪೂರ್ಣ ಜವಾಬ್ದಾರಿ ವೈರ್‌ಮನ್ನರದ್ದು. ತೃಪ್ತಿಕರವಾಗಿ ನಿರ್ವಹಿಸಿದಲ್ಲಿ ಅವರ ಮೇಲಿನ ವಿಚಾರಣೆಯನ್ನು ಕೈಬಿಡುವ ಬಗ್ಗೆ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

ಮಾಮ ಪ್ರಾಮಾಣಿಕ ನೌಕರರು. ಆದೇಶ ಪಾಲಿಸಿದರು. ಆದರೆ ಕೈಗೆ ಆದೇಶ ತಲುಪುವುದು ತಡವಾಯಿತು. ಎರಡನೆಯ ವಾರದಲ್ಲೇ, ಯಾರೂ ಇಲ್ಲದ ದಾಖಲೆ ಕೋಣೆಯ ನಾಲ್ಕು ದೀಪಗಳನ್ನು ಅವರು ಆರಿಸಿದ್ದು ಪತ್ತೆಯಾಯಿತು. "ಗೊತ್ತಾಗ್ಲಿಲ್ಲ ಸಾರ್, ಕೈ ತಾನೇ ಹೋಯ್ತು," ಎಂದು ಅವರು ತಪ್ಪೊಪ್ಪಿಕೊಂಡರು. ಅವರ ಕೈಯ ಮೇಲೆ ನಿಗಾ ಇಡಲು ಒಬ್ಬ ಗುಮಾಸ್ತನನ್ನು ನೇಮಿಸಲಾಯಿತು. ಅವನೂ ನಾನೇ. ಹೀಗೆ ಆ ವರ್ಷವಿಡೀ ಮಾಮ ಮುಂದೆ, ನಾನು ಹಿಂದೆ. ಸ್ವಿಚ್ಚಿನ ಹತ್ತಿರ ಬಂದಾಗಲೆಲ್ಲ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಳೆಯ ಸಾಲ ಕೊಟ್ಟವನನ್ನು ಕಂಡವರಂತೆ ಮುಖ ತಿರುಗಿಸಿ ದಾಟುತ್ತಿದ್ದರು.

ಒಂದು ದಿನ ತಕ್ಕಡಿಗೆ ಮುದ್ರೆ ಹಾಕಿಸಲು ಬಂದ ತರಕಾರಿ ಅಂಗಡಿಯಾಕೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು.

"ಅಣ್ಣಾ, ಮಟಮಟ ಮಧ್ಯಾಹ್ನ ಇಷ್ಟು ದೀಪ ಯಾಕೆ?"

"ಕರೆಂಟು ಉಳಿಸೋಕೆ ಅಕ್ಕಾ," ಎಂದರು ಮಾಮ, ನೆಲ ನೋಡುತ್ತ.

ನಾನು ಯೋಜನೆಯನ್ನು ವಿವರಿಸಿದೆ. ಆಕೆ ಅರ್ಧಕ್ಕೇ ತಲೆಯಾಡಿಸಿದಳು. "ಗೊತ್ತಾಯ್ತು ಬಿಡಿ. ನಾವೂ ಮೊದಲು ಬೆಲೆ ಏರಿಸಿ ಆಮೇಲೆ ಇಳಿಸ್ತೀವಿ. ನಾವದನ್ನ ರಿಯಾಯಿತಿ ಅಂತೀವಿ. ಆದ್ರೆ ಸಿಕ್ಕಿಬಿದ್ರೆ ನಿಮ್ಮ ಆಫೀಸಿನೋರೇ ಬಂದು ದಂಡ ಹಾಕ್ತೀರಲ್ಲಾ?"

ಆಕೆಯ ಪ್ರಶ್ನೆ ನಮ್ಮ ಕೌಂಟರಿಗೆ ಸಂಬಂಧಿಸಿದ್ದಲ್ಲವಾದ್ದರಿಂದ ಮುಂದಿನ ಕೌಂಟರು ತೋರಿಸಿದೆ.

ಆ ವೇಳೆಗೆ ಖಜಾನೆ, ನೋಂದಣಿ ಕಚೇರಿ, ಅರಣ್ಯ ಇಲಾಖೆಗಳೂ ತಮ್ಮ ತಮ್ಮ ಆಧಾರವನ್ನು ಗಟ್ಟಿ ಮಾಡಿಕೊಳ್ಳತೊಡಗಿದ್ದವು. ಅರಣ್ಯ ಇಲಾಖೆಯವರು ಬೇಸಿಗೆಯಲ್ಲಿ ಹೀಟರು ತರಿಸಿದ್ದರು. ಊರಿನ ಟ್ರಾನ್ಸ್‌ಫಾರ್ಮರಿಗೆ ಅಷ್ಟು ಉಳಿತಾಯವನ್ನು ಹೊರುವ ಶಕ್ತಿಯಿರಲಿಲ್ಲ. ಕಂಪನಿಯು ಮನೆಗಳಿಗೆ ಹಗಲು ನಾಲ್ಕು ಗಂಟೆ ಕರೆಂಟು ತೆಗೆಯಲು ಆರಂಭಿಸಿತು. "ಸರ್ಕಾರಿ ಕಟ್ಟಡಗಳಲ್ಲಿ ಉಳಿತಾಯ ಕಾರ್ಯಕ್ರಮವು ಭರದಿಂದ ಸಾಗಿರುವ ಪ್ರಯುಕ್ತ ಗ್ರಾಹಕರು ಸಹಕರಿಸಬೇಕಾಗಿ ವಿನಂತಿ" ಎಂದು ಪ್ರಕಟಣೆ ಹೊರಡಿಸಿತು.

ಮಾಮನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಮೊಣಕಾಲು ನೋವಿನಿಂದ ಕಾಲಲ್ಲಿ ತುಳಿಯಲಾಗದೆ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದ್ದರು. ಈಗ ಶಾಲೆಯ ಸಮವಸ್ತ್ರಗಳೆಲ್ಲ ಅರ್ಧಕ್ಕೆ ನಿಂತವು. ಒಂದು ಮಧ್ಯಾಹ್ನ ಅವರು ಒಂದೇ ತೋಳಿನ ಅಂಗಿಯೊಂದನ್ನು ಕೈಯಲ್ಲಿ ಹಿಡಿದು ನೇರ ಕಚೇರಿಗೇ ಬಂದರು. ಬಾಗಿಲಲ್ಲಿ ನಿಂತು ಮೇಲೆ ಉರಿಯುತ್ತಿದ್ದ ಸಾಲುದೀಪ ನೋಡಿದರು, ಆಮೇಲೆ ಗಂಡನನ್ನು ನೋಡಿದರು.

"ಒಂದು ತೋಳಿಗಾಗೋಷ್ಟು ಕರೆಂಟು ಮನೇಲಿಲ್ಲ. ಇಲ್ಲಿ ನೋಡಿದ್ರೆ ಯಾರ ಮದುವೆ ಇದು?"

"ನನ್ನ ಪಿಂಚಣಿ ಕಣೇ," ಎಂದರು ಮಾಮ ಮೆಲ್ಲಗೆ.

ಆಕೆ ಅಂಗಿಯನ್ನು ಮಡಿಚಿಕೊಂಡು ಹೊರಟರು. ಮಾಮ ಗೇಟಿನವರೆಗೂ ಹೋಗಿ ಬಿಟ್ಟುಬಂದರು. ಬಂದವರು ಪಂಪಿನ ಮನೆಯಲ್ಲಿ ಕುಳಿತು, ಇಳಿದು ಏರಿ ಇಳಿಯುವ ನೀರಿನ ಸದ್ದು ಕೇಳುತ್ತ ಆ ದಿನ ಊಟಕ್ಕೂ ಏಳಲಿಲ್ಲ. ನಾನು ನಿಗಾ ವಹಿಯಲ್ಲಿ "ಆಕ್ಷೇಪಾರ್ಹವಾದದ್ದೇನೂ ಇಲ್ಲ" ಎಂದು ಬರೆದೆ.

ಹನ್ನೆರಡು ತಿಂಗಳು ತುಂಬಿದವು. ಮೀಟರು ತಿಂಗಳಿಗೆ ಹತ್ತು ಸಾವಿರ ಯೂನಿಟ್ಟು ತೋರಿಸಿತು. ಮೇಡಂ ಬಂದು ಮುದ್ರೆಯೊತ್ತಿ, "ಅದ್ಭುತ ಆಧಾರ ಸಾರ್," ಎಂದರು. ಅಂದೇ ಸಾಹೇಬರು ಉಳಿತಾಯಕ್ಕೆ ಅಪ್ಪಣೆ ಕೊಟ್ಟರು. ಮಾಮ ಊಟಕ್ಕೆ ಮುಂಚೆಯೇ ಮೂರು ಮಹಡಿಯ ರಟ್ಟು ಕಿತ್ತು, ಪಂಪು ಸರಿಮಾಡಿ, ಸ್ವಿಚ್ಚುಗಳನ್ನೆಲ್ಲ ಆರಿಸಿ ಬಂದರು. ಒಂದು ವರ್ಷದ ಕಾರ್ಯಕ್ರಮ ಎರಡೂಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅಂದು ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆ ಕಾಣಲಿಲ್ಲ. ಆರಿದ ಪ್ರತಿ ದೀಪದ ಕೆಳಗೂ ಒಂದು ಗಳಿಗೆ ನಿಂತು ಬಂದಿದ್ದರು.

ಮರುವರ್ಷದ ಕೊನೆಗೆ ಬಳಕೆ ತಿಂಗಳಿಗೆ ಮೂರು ಸಾವಿರ. ಶೇಕಡಾ ಎಪ್ಪತ್ತರ ಉಳಿತಾಯ. ಇಡೀ ವಿಭಾಗಕ್ಕೇ ಮೊದಲ ಸ್ಥಾನ. ಪ್ರಶಸ್ತಿ ಸಮಾರಂಭದ ದೀಪಾಲಂಕಾರಕ್ಕೆ ಡೀಸೆಲ್ ಜನರೇಟರು ತರಿಸಲಾಯಿತು. ಡೀಸೆಲ್ಲು ಮೀಟರಿನಲ್ಲಿ ಬರುವುದಿಲ್ಲ. ಸಾಹೇಬರು ಇಂಧನ ದಕ್ಷತೆಯ ಬಗ್ಗೆ ಒಂದು ಗಂಟೆ ಮಾತನಾಡಿದರು. ಮಾಮನ ಮೇಲಿನ ವಿಚಾರಣೆಯನ್ನು ಕೈಬಿಟ್ಟ ಪತ್ರ, ನಿವೃತ್ತಿಯ ಪತ್ರ ಎರಡನ್ನೂ ಒಂದೇ ಲಕೋಟೆಯಲ್ಲಿ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಮುಂದೆ ಹಿಡಿದರು.

"ನಾನೇನೂ ಮಾಡ್ಲಿಲ್ಲ," ಎಂದರು ಮಾಮ. "ಮೊದಲೂ ಮೂರು ಸಾವಿರಾನೇ ಇತ್ತು. ಈಗ್ಲೂ ಅಷ್ಟೇ ಇದೆ."

ಈ ವಿನಯಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಸಾಹೇಬರ ಕೊಠಡಿಗೆ ಎ.ಸಿ. ಬಂತು. ಯೋಜನೆಯನ್ನು ಎರಡನೆಯ ಹಂತಕ್ಕೆ ವಿಸ್ತರಿಸಿ ಹೊಸ ಆಧಾರ ವರ್ಷವೂ ಘೋಷಣೆಯಾಯಿತು. ಆದರೆ ಹೊಸದಾಗಿ ಬಂದ ವೈರ್‌ಮನ್ ಕೈಯಲ್ಲಿ ಐದು ಸಾವಿರ ಯೂನಿಟ್ಟೂ ಉರಿಯಲಿಲ್ಲ. ಎಲ್ಲಾ ದೀಪ ಹಾಕಿ ಸುಮ್ಮನೆ ಕೂರುತ್ತಿದ್ದ. ಪಂಪಿನ ಸೂಕ್ಷ್ಮ ಅವನಿಗೆ ತಿಳಿಯದು. ಸಾಹೇಬರೇ ಮಾಮನ ಮನೆಗೆ ಹೋದರು. ಕಡತ ಹಿಡಿದು ನಾನೂ ಹೋದೆ. ಹಗಲಿನ ಕರೆಂಟು ಆಗಲೇ ಮತ್ತೆ ಹೋಗತೊಡಗಿತ್ತು. ಮಾಮನ ಹೆಂಡತಿ ಬಾಗಿಲ ಬೆಳಕಿಗೆ ಕುಳಿತು ಕೈಯಲ್ಲೇ ಗುಂಡಿ ಹಾಕುತ್ತಿದ್ದರು.

"ಸಲಹೆಗಾರರಾಗಿ ಬನ್ನಿ," ಎಂದರು ಸಾಹೇಬರು. "ನಿಮ್ಮ ಅನುಭವ ಇಲಾಖೆಗೆ ಬೇಕು."

"ಆರಿಸೋ ವರ್ಷ ಬೇಕಾದ್ರೆ ಬರ್ತೀನಿ ಸಾರ್. ಉರಿಸೋಕೆ ನನ್ನ ಕೈಲಾಗಲ್ಲ."

"ಆಗುತ್ತೆ," ಎಂದರು ಅವರ ಹೆಂಡತಿ, ದಾರ ಹಲ್ಲಲ್ಲಿ ಕಡಿಯುತ್ತ. "ಸಾರ್, ಅಲ್ಲಿ ಹೇಗೂ ದಿನವಿಡೀ ಕರೆಂಟಿರುತ್ತೆ. ಒಂದು ಮೂಲೇಲಿ ನನ್ನ ಮಿಷಿನ್ನಿಗೆ ಜಾಗ ಕೊಡ್ತೀರಾ?"

ಸಾಹೇಬರು ನನ್ನ ಕಡೆ ನೋಡಿದರು. ಆಧಾರ ವರ್ಷದಲ್ಲಿ ಯಾವ ಯಂತ್ರವನ್ನು ಯಾರು ಬಳಸಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲವೆಂದು ನಾನು ಕಡತ ತಿರುವಿ ಹೇಳಿದೆ. ಮಾಮ ಹೆಂಡತಿಯ ಮುಖ ನೋಡಿದರು, ಮೊಣಕಾಲಿನ ಪಟ್ಟಿ ನೋಡಿದರು, ಆಮೇಲೆ ಗೂಟದಲ್ಲಿದ್ದ ಟೆಸ್ಟರನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಈಗ ದಾಖಲೆ ಕೋಣೆಯಲ್ಲಿ, ಹಳೆಯ ಕಡತಗಳ ನಡುವೆ, ಹೊಲಿಗೆ ಯಂತ್ರ ಬೆಳಿಗ್ಗೆ ಹತ್ತರಿಂದ ಐದರವರೆಗೆ ಓಡುತ್ತದೆ. ಸಮವಸ್ತ್ರಗಳು ಹೇಳಿದ ದಿನಕ್ಕೆ ಸಿಗುತ್ತವೆ. ನಮ್ಮ ಕಚೇರಿಗೆ ಜನ ಇಷ್ಟು ತೃಪ್ತಿಯಿಂದ ಬಂದು ಹೋಗುವುದನ್ನು ನನ್ನ ಸೇವಾವಧಿಯಲ್ಲಿ ನೋಡಿರಲಿಲ್ಲ. ಮೊನ್ನೆ ಪರಿಶೀಲನಾಧಿಕಾರಿ ಮೇಡಂ ಬಂದರು. ಯಂತ್ರದ ಮುಂದೆ ನಿಂತು, ನೋಂದಣಿ ಪುಸ್ತಕ ತೆರೆದು ಬರೆದರು: "ಹೊಲಿಗೆ ಯಂತ್ರ, ಮೋಟಾರು ಸಹಿತ, ಒಂದು. ಮುಂದಿನ ವರ್ಷ ತೆಗೆದಲ್ಲಿ ಉಳಿತಾಯದ ಸಾಧ್ಯತೆ ಉತ್ತಮ." ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಎರಡೂ ತೋಳು ಅಗಲಿಸಿ, ಕೋಟಿನ ಅಳತೆ ಕೊಡಲು ನಿಂತರು.