ದೊಡ್ಡಪ್ಪ ರಿಪೇರಿಯಾದ ದಿನ

ದೊಡ್ಡಪ್ಪನ ಬಾಯಿ ಒಮ್ಮೆ ಮುಚ್ಚಿದರೆ ತೆರೆಯುತ್ತಿರಲಿಲ್ಲ. ಎಲ್ಲ ತೊಂದರೆ ಶುರುವಾದದ್ದು ಅಲ್ಲಿಂದಲೇ.

ದೊಡ್ಡಪ್ಪ ಎಂದರೆ ಮನುಷ್ಯನಲ್ಲ. ಟೇಪಣ್ಣನ ಮನೆಯಲ್ಲಿದ್ದ ಒಂಬತ್ತು ಹಳೆಯ ಟೇಪ್ ರೆಕಾರ್ಡರುಗಳಲ್ಲಿ ಎಲ್ಲಕ್ಕಿಂತ ಹಿರಿಯದು. ಗೂಬೆಯ ಕಣ್ಣಿನಂಥ ಎರಡು ಸ್ಪೀಕರು, ಮೇಲೊಂದು ಹಿಡಿ, ಹಲ್ಲು ಕಿಸಿದ ಹಾಗೆ ಸಾಲಾಗಿ ಗುಂಡಿಗಳು, ಎಂಟು ದಪ್ಪ ಸೆಲ್ಲು ನುಂಗಿದರೂ ಹಸಿವು ತೀರದ ಹೊಟ್ಟೆ. ನೀರು ಸರಬರಾಜು ಕಚೇರಿಯ ಗುಮಾಸ್ತನೊಬ್ಬನಿಗೆ ಬೀದಿಯವರು ಟೇಪಣ್ಣ ಎಂದು ಹೆಸರಿಟ್ಟದ್ದು ಇವುಗಳ ದೆಸೆಯಿಂದ. ರಜೆಯ ದಿನ ಒಂಬತ್ತನ್ನೂ ಸಾಲಾಗಿ ಕೂರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗೊಂದು ತಿಕ್ಕಿ, ಒಂದೊಂದರ ಕೈಲೂ ಒಂದೊಂದು ಹಾಡು ಹಾಡಿಸಿ ಕೇಳಿದರೇನೇ ಅವನಿಗೆ ಊಟ ಸೇರುತ್ತಿತ್ತು. ಅಂಗಡಿಯಿಂದ ತಂದ ಕ್ಯಾಸೆಟ್ ಹಾಕಿದರೆ ದೊಡ್ಡಪ್ಪ ಮಾತ್ರ ಎಳೆದೆಳೆದು ಹಾಡುತ್ತಿತ್ತು. ವಯಸ್ಸಾದವರ ಗಾಂಭೀರ್ಯ ಇರಬೇಕೆಂದು ಟೇಪಣ್ಣ ಅದಕ್ಕೆ ಒಂದೇ ಒಂದು ಕ್ಯಾಸೆಟ್ ಮೀಸಲಿಟ್ಟಿದ್ದ.

ಅದು ಅವನ ಹೆಂಡತಿಯ ಹಾಡು. ಮದುವೆಯಾದ ಹೊಸದರಲ್ಲಿ ಇದೇ ದೊಡ್ಡಪ್ಪನ ಮುಂದೆ ಅವಳನ್ನು ಕೂರಿಸಿ ಹಾಡಿಸಿ ಟೇಪಿಗೆ ತುಂಬಿಸಿಕೊಂಡದ್ದು. ಆಮೇಲೆ ಅವಳು ಲೆಕ್ಕದ ಟೀಚರಾದಳು. ಮೂವತ್ತೆರಡು ವರ್ಷ ಮಗ್ಗಿ ಕೂಗಿ ಕೂಗಿ ಗಂಟಲು ಒಡೆದ ತಗಡಾಯಿತು. "ನಾನೂ ಒಂದು ಕಾಲಕ್ಕೆ ಹಾಡ್ತಿದ್ದೆ" ಎಂದರೆ ಶಾಲೆಯಲ್ಲಿ ಹೆಡ್‌ಮಿಸ್ಸು ಮೊದಲಾಗಿ ಎಲ್ಲರೂ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನಿನ್ನೆಗೆ ಅವಳ ನೌಕರಿ ಮುಗಿದಿತ್ತು. ಇವತ್ತು ಸಂಜೆ ಐದಕ್ಕೆ ಅವರೆಲ್ಲ ಮನೆಗೆ ಚಹಾಕ್ಕೆ ಬರುವವರು. ಅವರ ಎದುರು ಆ ಕ್ಯಾಸೆಟ್ ಹಾಕುವುದು, ಮೂವತ್ತೆರಡು ವರ್ಷದ ನಗುವಿಗೆ ಒಂದೇ ಹಾಡಿನಲ್ಲಿ ಉತ್ತರ ಕೊಡುವುದು ಎಂದು ಗಂಡ ಹೆಂಡತಿ ನಿಶ್ಚಯಿಸಿಕೊಂಡಿದ್ದರು.

ಅದಕ್ಕೆಂದೇ ಟೇಪಣ್ಣ ದೊಡ್ಡಪ್ಪನನ್ನು ರಿಪೇರಿಗೆ ಕೊಟ್ಟದ್ದು. ಕ್ಯಾಸೆಟ್ಟಿನ ಮುಚ್ಚಳ ಮುಚ್ಚಿಕೊಂಡರೆ ಅರ್ಧ ಗಂಟೆ ಚಮಚದ ತುದಿ ಹಾಕಿ ಓಲೈಸಬೇಕಾಗಿತ್ತು. ಈಗ ಗುಂಡಿ ಒತ್ತಿದರೆ ಸಲೀಸಾಗಿ ತೆರೆಯುತ್ತಿತ್ತು. ಬೆಳಿಗ್ಗೆ ಖುಷಿಯಾಗಿ ಕ್ಯಾಸೆಟ್ ಹಾಕಿದ.

ಒಳಗಿನಿಂದ ಇಲಿಯೊಂದು ಹಾಡತೊಡಗಿತು.

ಹಾಡು ಅದೇ, ಮಾತು ಅವೇ. ಆದರೆ ಹಿಂದೆ ಬೆಕ್ಕು ಬಿದ್ದಿರುವ ಹಾಗೆ ಕಿಚಕಿಚ ಎಂದು ಓಡುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ರೀ, ಇದು ನಾನಾ?"

"ನೀನೇ... ಇರಬೇಕು."

ಟೇಪಣ್ಣ ಕ್ಯಾಸೆಟ್ ತೆಗೆದು ಉಳಿದ ಎಂಟಕ್ಕೂ ಹಾಕಿ ನೋಡಿದ. ಎಂಟರಲ್ಲೂ ಅದೇ ಇಲಿ. ಅವನ ತಲೆ ಗಿರ್ರೆಂದಿತು. ಸದ್ದು ಕೇಳಿ ಮಹಡಿಯ ಮೇಲಿನ ರಿಟೈರಾದ ಲೈನ್‌ಮನ್ ಇಳಿದು ಬಂದ. ಎದುರುಮನೆಯ ಟೈಲರಮ್ಮ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ಕರೆಂಟು ಜಾಸ್ತಿ ಬರ್ತಿದೆ ಕಣ್ರೀ. ಅದಕ್ಕೇ ಓಡ್ತಿದೆ" ಎಂದು ಲೈನ್‌ಮನ್ ಕೇಳದೆಯೇ ಮನೆಯ ಮೇನ್ ಆರಿಸಿದ. ಸೆಲ್ಲು ಹಾಕಿ ನೋಡಿದರು. ಇಲಿಗೆ ಸೆಲ್ಲೂ ಒಂದೇ, ಕರೆಂಟೂ ಒಂದೇ.

"ಟೇಪು ಕುಗ್ಗಿದೆ" ಎಂದಳು ಟೈಲರಮ್ಮ. "ಬಟ್ಟೆ ನೀರಿಗೆ ಹಾಕಿದ್ರೆ ಕುಗ್ಗಲ್ವಾ, ಹಾಗೆ. ಹಾಡು ಅಷ್ಟೇ ಇದೆ, ಜಾಗ ಕಮ್ಮಿ ಆಗಿದೆ. ಅದಕ್ಕೇ ಇಕ್ಕಟ್ಟು."

ಈ ಮಾತು ಟೇಪಣ್ಣನಿಗೆ ಪೂರಾ ಸರಿ ಅನ್ನಿಸಿತು. ಆಮೇಲೆ ಪೂರಾ ತಪ್ಪು ಅನ್ನಿಸಿತು. ಹೆಂಡತಿ ಮಾತ್ರ ತಲೆ ತಗ್ಗಿಸಿ ಒಳಗೆ ಹೋದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಮೇಜಿನ ಮೇಲಿದ್ದ ಕ್ಯಾಸೆಟ್ಟಿನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ದೊಡ್ಡಪ್ಪನನ್ನು ಹೆಗಲಿಗೇರಿಸಿ, ಒಂದು ಕಡೆಗೆ ವಾಲಿಕೊಂಡು ರಿಪೇರಿ ಅಂಗಡಿಗೆ ಓಡಿದ.

ಅಂಗಡಿ ತೆರೆದದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೂ ಟೇಪಣ್ಣ ಮೆಟ್ಟಿಲ ಮೇಲೆ ದೊಡ್ಡಪ್ಪನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೋಗಿಬರುವವರೆಲ್ಲ ಮಾರಾಟಕ್ಕಾ ಎಂದು ಕೇಳಿದರು. ರಿಪೇರಿಯವನು ಬಂದಮೇಲೆ ಡಬ್ಬಿ ತೆರೆದು ನೋಡಿದರೆ ಖಾಲಿ. ಅವಸರದಲ್ಲಿ ಕ್ಯಾಸೆಟ್ ಮನೆಯಲ್ಲೇ ಉಳಿದಿತ್ತು.

ರಿಪೇರಿಯವನು ವಿಷಯ ಕೇಳಿ ಹೆಮ್ಮೆಯಿಂದ ನಕ್ಕ. "ಕ್ಯಾಸೆಟ್ ಯಾಕೆ ಸ್ವಾಮಿ, ನನಗೆ ಗೊತ್ತು. ಇದರ ಮೋಟರು ಮೊದಲಿಂದ ನಿಧಾನ ಇತ್ತು. ಮುಚ್ಚಳದ ಜೊತೆಗೆ ಅದನ್ನೂ ಸರಿ ಮಾಡಿದೀನಿ. ನೀವು ಕೇಳಿರಲಿಲ್ಲ, ನಾನೇ ಪ್ರೀತಿಯಿಂದ ಮಾಡಿದ್ದು."

"ಸರಿ ಮಾಡಿದ್ರೆ ಯಾಕೆ ಇಲಿ ಥರ ಹಾಡತ್ತೆ?"

"ಗಿಡ್ಡ ಕೈಯವನು ಮೊಳ ಹಾಕಿದಾನೆ ಅಂದ್ಕೊಳ್ಳಿ. ಅವನ ಮೊಳ ಅವನಿಗೆ ಸರಿ. ನಾನು ಅಳೆದ್ರೆ ಕಮ್ಮಿ ಬೀಳತ್ತೆ. ನಿಧಾನದ ಮೋಟರಿನಲ್ಲಿ ತುಂಬಿಸಿದ ಹಾಡು ನಿಧಾನದ ಮೋಟರಿನಲ್ಲೇ ಸರಿ ಬರೋದು."

ಟೇಪಣ್ಣನಿಗೆ ಮೊಳ ಅರ್ಥವಾಯಿತು, ಮೋಟರು ಅರ್ಥವಾಗಲಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ. "ಹಾಗಾದ್ರೆ ಮತ್ತೆ ಕೆಡಿಸಿಕೊಡಿ."

ಮಿಕ್ಸಿ ಹಿಡಿದು ಸರದಿಯಲ್ಲಿ ನಿಂತಿದ್ದ ಹೆಂಗಸು ಮಿಕ್ಸಿಯನ್ನು ಎದೆಗೊತ್ತಿಕೊಂಡಳು.

"ನೋಡಿ ಸ್ವಾಮಿ" ಎಂದ ರಿಪೇರಿಯವನು, ಮುಖ ಗಂಟು ಹಾಕಿಕೊಂಡು. "ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಗೊತ್ತಿಲ್ದೆ ಕೆಡಿಸಿದ್ದು ಉಂಟು, ಇಲ್ಲ ಅನ್ನಲ್ಲ. ಬೇಕು ಅಂತ ಕೆಡಿಸಿದ್ದಿಲ್ಲ."

"ನಿಮ್ಮ ಕಾಲಿಗೆ ಬೀಳ್ತೀನಿ. ಅವಳ ಮರ್ಯಾದೆ ಪ್ರಶ್ನೆ."

"ಆಯ್ತು. ಆಮೇಲೆ ನಾನು ಕೆಡಿಸಿದೆ ಅಂತ ಊರೆಲ್ಲ ಹೇಳ್ಬಾರದು. ಬರೆದುಕೊಡಿ."

ಟೇಪಣ್ಣ ಕಚೇರಿಯ ಕಾಗದಗಳ ಅಭ್ಯಾಸದಲ್ಲಿ ದುಂಡಗೆ ಬರೆದ: 'ಈ ಯಂತ್ರವನ್ನು ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ರಿಪೇರಿಗೆ ಮೊದಲು ಹೇಗಿತ್ತೋ ಒಂದು ಕೂದಲೂ ಬಿಡದೆ ಹಾಗೆಯೇ ಮಾಡಿಸಿಕೊಂಡಿದ್ದೇನೆ.' ಮಿಕ್ಸಿಯ ಹೆಂಗಸು ಸಾಕ್ಷಿಗೆ ಸಹಿ ಹಾಕಿದಳು. ರಿಪೇರಿಯವನು ಕಾಗದವನ್ನು ಎರಡು ಸಲ ಓದಿ, ಎದುರಿಗೆ ಅಂಟಿಸಿಕೊಂಡು, ಸಾಲು ನೋಡುತ್ತ ಸ್ಕ್ರೂ ತಿರುಗಿಸಿದ. ಕೊನೆಗೆ ತನ್ನದೊಂದು ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿದ. ದೊಡ್ಡಪ್ಪ ಮೊದಲಿನ ಹಾಗೆಯೇ ಎಳೆದೆಳೆದು ಹಾಡಿತು. ಕ್ಯಾಸೆಟ್ ಹೊರಗೆ ತೆಗೆಯಲು ರಿಪೇರಿಯವನು ಯಾಕೋ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದ. ಸಂತೋಷದಲ್ಲಿ ಟೇಪಣ್ಣ ಅದನ್ನು ಗಮನಿಸಲಿಲ್ಲ.

ಮನೆ ಮುಟ್ಟಿದಾಗ ಐದೂಕಾಲು. ನಡುಮನೆ ತುಂಬ ಟೀಚರುಗಳು. ಹೆಡ್‌ಮಿಸ್ಸು ದೊಡ್ಡ ಕುರ್ಚಿಯಲ್ಲಿ. ಲೈನ್‌ಮನ್ ಮತ್ತು ಟೈಲರಮ್ಮ, ಕರೆಯದಿದ್ದರೂ, ಮುಂದಿನ ಸಾಲಿನಲ್ಲಿ. ಹೆಂಡತಿ ಹೊಸ ಸೀರೆ ಉಟ್ಟು, ಕೈಯಲ್ಲಿ ಕ್ಯಾಸೆಟ್ ಹಿಡಿದು ಕಾಯುತ್ತಿದ್ದಳು. ಅವಳ ಮುಖದಲ್ಲಿ ಬೆಳಗಿನ ಮೋಡ ಇರಲಿಲ್ಲ.

"ಎಲ್ಲಿ ಹೋಗಿದ್ರಿ?"

"ನೀನು ಸುಮ್ನೆ ನೋಡ್ತಿರು" ಎಂದು ಟೇಪಣ್ಣ ಕಣ್ಣು ಮಿಟುಕಿಸಿದ. ಅವಳೂ ಮಿಟುಕಿಸಿದಳು. ಅದೇಕೆಂದು ಅವನಿಗೆ ತಿಳಿಯಲಿಲ್ಲ. ಕ್ಯಾಸೆಟ್ ಹಾಕಿ, ಮುಚ್ಚಳ ಮುಚ್ಚಿ, ಗುಂಡಿ ಒತ್ತಿದ.

ಬಾವಿಯೊಳಗಿನಿಂದ ಕರಡಿಯೊಂದು ಹಾಡತೊಡಗಿತು.

ದಪ್ಪ ದನಿ. ಮೀಸೆ ಇರುವ ದನಿ. ಒಂದೊಂದು ಅಕ್ಷರವೂ ಗೋಣಿಚೀಲ ಎಳೆದ ಹಾಗೆ ಬರುತ್ತಿತ್ತು. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು.

"ಬೆಳಿಗ್ಗೆ ಕ್ಯಾಸೆಟ್ಟನ್ನ ಹಾಡು ತುಂಬಿಸಿಕೊಡೋ ಅಂಗಡಿಗೆ ತಗೊಂಡು ಹೋಗಿದ್ದೆ" ಎಂದಳು ಪಿಸುಮಾತಿನಲ್ಲಿ. "ತುಂಬಿಸುವಾಗಲೇ ವೇಗ ತಪ್ಪಿದೆ ಅಂದ್ರು. ಸರಿ ವೇಗಕ್ಕೆ ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದೆ. ನೀವೇನು ಮಾಡಿದ್ರಿ?"

"ನಾನು ಕೆಡಿಸಿಕೊಂಡು ಬಂದೆ" ಎಂದ ಟೇಪಣ್ಣ.

ಒಂದು ಕ್ಷಣ ಬಿಟ್ಟು ಅವನ ತಲೆಗೆ ಹೊಳೆಯಿತು: ಒಳಗೆ ಇನ್ನೂ ಎಂಟು ಇವೆ, ಎಂಟೂ ಸರಿಯಾಗಿವೆ. ಹಾರಿ ಹೋಗಿ ಗುಂಡಿ ಒತ್ತಿದ. ಹಾಡು ನಿಂತಿತು, ಮುಚ್ಚಳ ತೆರೆಯಲಿಲ್ಲ. ಮತ್ತೆ ಒತ್ತಿದ, ಉಗುರು ಹಾಕಿದ, ಗುದ್ದಿದ. ರಿಪೇರಿಯವನು ಮಾತಿನ ಮನುಷ್ಯ. ಮೊದಲು ಹೇಗಿತ್ತೋ ಒಂದು ಕೂದಲೂ ಬಿಡದೆ ಹಾಗೆಯೇ ಮಾಡಿಕೊಟ್ಟಿದ್ದ.

"ಯಾಕೆ ನಿಲ್ಲಿಸಿದ್ರಿ?" ಎಂದರು ಹೆಡ್‌ಮಿಸ್ಸು. "ಎಂಥ ಗಂಭೀರವಾದ ದನಿ. ಟೀಚರ್, ನಿಮ್ಮ ಯಜಮಾನರು ಹಾಡ್ತಾರೆ ಅಂತ ನೀವು ಹೇಳಲೇ ಇಲ್ಲವಲ್ಲ."

"ಅದು ನಾನೇ ಮೇಡಮ್" ಎಂದಳು ಹೆಂಡತಿ, ಒಡೆದ ಗಂಟಲಲ್ಲಿ.

"ಹೋಗ್ರೀ, ಗಂಡಸರ ದನಿ ನಮಗೆ ಗೊತ್ತಾಗಲ್ವಾ?" ಎಲ್ಲರೂ ನಕ್ಕರು. ಈ ಸಲ ಸೆರಗಿನ ಮರೆಯೂ ಇರಲಿಲ್ಲ. "ನಾನು ಬೆಳಿಗ್ಗೇನೇ ಹೇಳಿದ್ದೆ" ಎಂದು ಲೈನ್‌ಮನ್ ಏನನ್ನೋ ಹೇಳಹೊರಟ. ಟೈಲರಮ್ಮ, "ಈಗ ಟೇಪು ಹಿಗ್ಗಿದೆ" ಎಂದು ತೀರ್ಪು ಕೊಟ್ಟಳು.

ಹೆಂಡತಿ, ಮಗ್ಗಿ ಬಾರದ ಹುಡುಗರನ್ನು ಮೂವತ್ತೆರಡು ವರ್ಷ ನೋಡಿದ ನೋಟದಲ್ಲೇ ಗಂಡನನ್ನು ನೋಡಿದಳು.

"ಹೌದು ಮೇಡಮ್, ಇವರದೇ ದನಿ. ಯಂತ್ರದಲ್ಲಿ ಯಾಕೆ, ಎದುರಿಗೇ ಹಾಡ್ತಾರೆ ಕೇಳಿ. ಏಳ್ರೀ."

ನಡುಮನೆ ತುಂಬ ಚಪ್ಪಾಳೆ. ಟೇಪಣ್ಣ ಗೋಡೆಗೆ ಆನಿಕೊಂಡು ಎದ್ದ. ಅವನು ಹುಟ್ಟಿದಾಗಿನಿಂದ ಹಾಡು ಕೇಳಿದ್ದೇ ಹೊರತು ಒಂದು ಸಾಲೂ ಹಾಡಿದವನಲ್ಲ. ಬೇರೆ ದಾರಿ ಕಾಣದೆ ಬಾಯಿ ತೆರೆದ.

ಬೆಳಗಿನ ಇಲಿ ಹೊರಗೆ ಬಂತು.